ಮುದಿ ಕಂಪ್ಯೂಟರಿನ ನಾಡಿ ಹಿಡಿದು

ಪುತ್ತೂರಿನಿಂದ ಸುಳ್ಯದ ಬಸ್ಸು ಹಿಡಿದರೆ ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸಿಗುವ ಕುಂಬ್ರ ದೊಡ್ಡ ಪೇಟೆಯೇನಲ್ಲ. ಬೆಳ್ಳಾರೆಯ ರಸ್ತೆ ಕವಲೊಡೆಯುವ ಜಾಗ. ಸುತ್ತ ಅಡಿಕೆ ತೋಟ, ರಬ್ಬರು, ಗುಡ್ಡ. ಆದರೆ ಇಲ್ಲಿನ ಒಳರಸ್ತೆಗಳಲ್ಲಿ ಎರಡು ಮೈಲು ನಡೆದು ಯಾವ ಮನೆಯ ಚಾವಡಿಗೆ ಹೋದರೂ ಮೂಲೆಯಲ್ಲೊಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಕಾಣಬಹುದು. ದೊಡ್ಡ ಮಗನೋ ಮಗಳೋ ಇಂಜಿನಿಯರಿಂಗಿಗೆ ಸೇರಿದ ವರ್ಷ ತಂದದ್ದು. ಅವರು ಬೆಂಗಳೂರಿಗೆ ಹೋದ ಮೇಲೆ ಅದರ ಮೇಲೊಂದು ಹೂವಿನ ಬಟ್ಟೆ ಬಿತ್ತು. 2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಮನೆಗೇ ಬಂದಾಗ ಬಟ್ಟೆ ಸರಿಯಿತು. ಅಂದಿನಿಂದ ಅದು ಮನೆಯ ಕಿರಿಯರ ಸೊತ್ತು. ಪ್ರಾಜೆಕ್ಟ್ ವರದಿ, ಸಿಇಟಿಯ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಅಪ್ಪನ ಬೆಳೆ ವಿಮೆಯ ಕಾಗದ, ಅಕ್ಕನ ಮದುವೆಯ ಫೋಟೋ, ಎಲ್ಲವೂ ಅದರ ಹೊಟ್ಟೆಯಲ್ಲಿ.

ಹೀಗಿರುವಾಗ ಒಂದು ದಿನ ಗುಂಡಿ ಒತ್ತಿದರೆ ಸದ್ದಿಲ್ಲ. ಅರ್ಜಿಗೆ ಮರುದಿನವೇ ಕೊನೆಯ ದಿನ. ಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಪುತ್ತೂರಿಗೆ ಒಯ್ದರೆ ಅಂಗಡಿಯವರು ಕೂಡಲೇ ಹೇಳುವ ಮಾತು: “ಇದು ಹಳೇದಾಯ್ತು ಮಾರಾಯ್ರೆ, ಬೋರ್ಡು ಹೋಗಿದೆ. ಹೊಸತು ತಗೊಳ್ಳಿ.” ಅಡಿಕೆಗೆ ಕೊಳೆರೋಗ ಬಂದ ವರ್ಷ ಈ ಮಾತು ಕೇಳಿದ ಅಪ್ಪನ ಮುಖ ಹೇಗಾಗುತ್ತದೆಂದು ವಿವರಿಸಬೇಕಾಗಿಲ್ಲ.

ಬೋರ್ಡು ನಿಜಕ್ಕೂ ಹೋಗಿರಬಹುದು. ಆದರೆ ‘ಸತ್ತಿದೆ’ ಎಂದು ಅಟ್ಟಕ್ಕೆ ಹೋದ ಎಷ್ಟೋ ಕಂಪ್ಯೂಟರುಗಳು ನಾಣ್ಯದಗಲದ ಬ್ಯಾಟರಿಯೊಂದಕ್ಕೆ, ಕೊಳೆ ಹಿಡಿದ ಒಂದು ಸಂಪರ್ಕಕ್ಕೆ, ಇಲ್ಲವೇ ಸತ್ವ ಕಳೆದುಕೊಂಡ ಯುಪಿಎಸ್ಸಿಗೆ ಬಲಿಯಾದವು. ಯಾವುದು ಹೋಗಿದೆ ಎಂದು ಕಂಡುಹಿಡಿಯುವ ಕೆಲಸದಲ್ಲಿ ಅರ್ಧಪಾಲನ್ನು ಪಿಯುಸಿ ಓದುವ ಹುಡುಗ ಹುಡುಗಿಯರು ಒಂದು ಸ್ಕ್ರೂಡ್ರೈವರ್, ಒಂದು ಬಣ್ಣದ ಕುಂಚ ಮತ್ತು ಸ್ವಲ್ಪ ತಾಳ್ಮೆ ಇಟ್ಟುಕೊಂಡು ಮನೆಯಲ್ಲೇ ಮಾಡಬಹುದು. ಉಳಿದ ಅರ್ಧಕ್ಕೆ ಕೈ ಹಾಕಲೇಬಾರದು. ಈ ಗಡಿ ಎಲ್ಲಿದೆ ಎಂಬುದನ್ನೂ ಮುಂದೆ ಹೇಳುತ್ತೇನೆ.

ಮೊದಲು ಗೋಡೆ, ಆಮೇಲೆ ಪೆಟ್ಟಿಗೆ

ಒಳ್ಳೆಯ ವೈದ್ಯರು ಹೊಟ್ಟೆ ಕೊಯ್ಯುವ ಮೊದಲು ಊಟ ಏನು ಮಾಡಿದಿರಿ ಎಂದು ಕೇಳುತ್ತಾರೆ. ಕಂಪ್ಯೂಟರಿಗೂ ಅಷ್ಟೆ. ಗುಂಡಿ ಒತ್ತಿದಾಗ ದೀಪ ಹತ್ತಿತೇ? ಫ್ಯಾನು ತಿರುಗಿತೇ? ತೆರೆಯಲ್ಲಿ ಏನಾದರೂ ಮೂಡಿತೇ? ಈ ಮೂರು ಪ್ರಶ್ನೆಗಳ ಉತ್ತರವೇ ಕಾಯಿಲೆ ಯಾವ ಕಡೆಗಿದೆ ಎಂದು ತೋರಿಸುತ್ತದೆ. ದೀಪವೂ ಇಲ್ಲ ಫ್ಯಾನೂ ಇಲ್ಲವೆಂದರೆ ವಿದ್ಯುತ್ತಿನ ದಾರಿಯಲ್ಲಿ ತೊಂದರೆ. ಫ್ಯಾನು ತಿರುಗಿ ತೆರೆ ಕಪ್ಪಾಗಿದ್ದರೆ ಮೆಮೊರಿ, ಡಿಸ್‌ಪ್ಲೇ ಅಥವಾ ಬೋರ್ಡು. ಕಂಪನಿಯ ಹೆಸರು ಮೂಡಿ ಅಲ್ಲಿಗೇ ನಿಂತರೆ ಬಹುಮಟ್ಟಿಗೆ ಡಿಸ್ಕು.

ದೀಪವೇ ಹತ್ತದಿದ್ದರೆ ಪೆಟ್ಟಿಗೆ ಬಿಚ್ಚಬೇಡಿ. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಸಿಕ್ಕಿಸಿ ನೋಡಿ. ಆಮೇಲೆ ಯುಪಿಎಸ್ಸನ್ನು ಬದಿಗಿಟ್ಟು ಕಂಪ್ಯೂಟರಿನ ವಯರನ್ನು ನೇರ ಗೋಡೆಗೆ ಕೊಡಿ. ಆಶ್ಚರ್ಯವೆಂದರೆ, ಎಷ್ಟೋ ಸಲ ಕಥೆ ಇಲ್ಲಿಗೇ ಮುಗಿಯುತ್ತದೆ.

ಯುಪಿಎಸ್ಸಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಮನೆಗಳಲ್ಲಿರುವ 600 ವಿಎ ಯುಪಿಎಸ್ಸಿನ ಒಳಗಿರುವುದು ಸಾಮಾನ್ಯವಾಗಿ 12 ವೋಲ್ಟಿನ, 7 ಆಂಪಿಯರ್-ಗಂಟೆಯ ಮೊಹರು ಹಾಕಿದ ಸೀಸದ ಬ್ಯಾಟರಿ. ಅದರ ಆಯಸ್ಸು ಎರಡು ಮೂರು ವರ್ಷ. ಕರೆಂಟು ಹೋಗಿ ಬರುವುದು ಹೆಚ್ಚಿರುವಲ್ಲಿ ಇನ್ನೂ ಕಡಿಮೆ. ಬ್ಯಾಟರಿ ಸತ್ತ ಮೇಲೂ ಯುಪಿಎಸ್ಸಿನ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಆದರೆ ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟು ಹೋದರೂ ಕಂಪ್ಯೂಟರ್ ತಟ್ಟನೆ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಮನೆಯವರು “ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ, ವೈರಸ್ ಇರಬೇಕು” ಎನ್ನುತ್ತಾರೆ. ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಪರೀಕ್ಷೆ ಸುಲಭ. ಕಂಪ್ಯೂಟರಿನ ಬದಲು ಯುಪಿಎಸ್ಸಿಗೆ 60 ವಾಟಿನ ಹಳೆಯ ಬಲ್ಬೊಂದನ್ನು ಕೊಟ್ಟು, ಗೋಡೆಯ ಪ್ಲಗ್ಗು ಕಿತ್ತು ನೋಡಿ. ಬಲ್ಬು ಐದಾರು ನಿಮಿಷವಾದರೂ ಉರಿಯಬೇಕು. ತಕ್ಷಣ ಆರಿದರೆ ಬ್ಯಾಟರಿ ಮಾತ್ರ ಬದಲಿಸಿದರೆ ಸಾಕು, ಇಡೀ ಯುಪಿಎಸ್ ಬೇಡ.

ಡಿಸೆಂಬರಿನಿಂದ ಮೇ ತನಕ ನಮ್ಮ ಕಡೆ ಇನ್ನೊಂದು ಸಂಕಟವಿದೆ. ತೋಟಕ್ಕೆ ನೀರು ಬಿಡುವ ಹೊತ್ತು ಸುತ್ತಮುತ್ತಲ ಪಂಪುಗಳೆಲ್ಲ ಒಟ್ಟಿಗೆ ಶುರುವಾದರೆ ಮನೆಯ ದೀಪ ಮಂಕಾಗುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 170ಕ್ಕೋ 160ಕ್ಕೋ ಇಳಿಯುತ್ತದೆ. ಅಗ್ಗದ ಎಸ್‌ಎಂಪಿಎಸ್ ಅಷ್ಟು ಕಡಿಮೆಯಲ್ಲಿ ಒದ್ದಾಡುತ್ತದೆ. ಸಂಜೆ ಹೊತ್ತು ಮಾತ್ರ ಕೈಕೊಡುವ ಕಂಪ್ಯೂಟರ್ ಬೆಳಿಗ್ಗೆ ಅಂಗಡಿಯಲ್ಲಿ ಚೆನ್ನಾಗಿಯೇ ನಡೆಯುವುದರ ಗುಟ್ಟು ಇದು. ಕಾಯಿಲೆ ಯಾವ ಹೊತ್ತಿಗೆ ಬರುತ್ತದೆಂದು ಒಂದು ವಾರ ಬರೆದಿಟ್ಟುಕೊಂಡರೆ ಅದಕ್ಕಿಂತ ದೊಡ್ಡ ಉಪಕಾರ ರಿಪೇರಿಯವರಿಗೆ ಬೇರೊಂದಿಲ್ಲ.

‘ಜುಂ’ ಎನ್ನುವ ಪೆಟ್ಟಿಗೆ

ಬರಿಗಾಲಿನಲ್ಲಿ ನಿಂತು ಪೆಟ್ಟಿಗೆಯ ಹಿಂಬದಿ ಮುಟ್ಟಿದರೆ ಕೈ ಜುಂ ಎನ್ನುತ್ತದೆಯೇ? ಹಾಗಿದ್ದರೆ ಹಾಳಾಗಿರುವುದು ಬಹುಶಃ ಕಂಪ್ಯೂಟರಲ್ಲ, ಮನೆಯ ಅರ್ತಿಂಗ್. ಎಸ್‌ಎಂಪಿಎಸ್ಸಿನ ಬಾಗಿಲಲ್ಲೇ ವಿದ್ಯುತ್ತಿನ ಗದ್ದಲ ಸೋಸಲು ಎರಡು ಪುಟ್ಟ ಕೆಪ್ಯಾಸಿಟರುಗಳಿವೆ. ಒಂದು ಫೇಸಿನಿಂದ ಲೋಹದ ಮೈಗೆ, ಇನ್ನೊಂದು ನ್ಯೂಟ್ರಲಿನಿಂದ ಲೋಹದ ಮೈಗೆ. ಸೋಸಿದ್ದು ಅರ್ತಿನ ಮೂಲಕ ನೆಲ ಸೇರಬೇಕು. ಅರ್ತ್ ಇಲ್ಲದಿದ್ದರೆ ಪೆಟ್ಟಿಗೆಯ ಮೈ ಎರಡರ ನಡುವೆ, ಅಂದರೆ ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಹರಿಯುವ ವಿದ್ಯುತ್ತು ಅತ್ಯಲ್ಪವಾದ್ದರಿಂದ ಜುಂ ಎನ್ನುವುದರಲ್ಲೇ ಮುಗಿಯುತ್ತದೆ. ಆದರೆ ಎಸ್‌ಎಂಪಿಎಸ್ಸಿನ ಒಳಗೆ ಏನಾದರೂ ಸುಟ್ಟು ಫೇಸು ನೇರವಾಗಿ ಮೈಗೆ ತಾಗಿದ ದಿನ ಅಷ್ಟರಲ್ಲೇ ಮುಗಿಯುವುದಿಲ್ಲ.

ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ನೀರು ಕುಡಿದು ಚೆನ್ನಾಗಿಯೇ ಇರುವ ಅರ್ತ್ ಗುಂಡಿ ಮಾರ್ಚ್ ಹೊತ್ತಿಗೆ ಒಣಗಿ ಕಲ್ಲಾಗುತ್ತದೆ. ಉಪ್ಪು, ಇದ್ದಲು ತುಂಬಿದ ಹಳೆಯ ಗುಂಡಿಗಳಿಗೆ ಬೇಸಿಗೆಯಲ್ಲಿ ದಿನಕ್ಕೊಂದು ಕೊಡ ನೀರು ಹೊಯ್ಯುವ ರೂಢಿ ಹಿಂದೆ ಇತ್ತು. ಕರೆಂಟಿನ ಮೇಸ್ತ್ರಿಯವರನ್ನು ಕರೆಸಿ ನ್ಯೂಟ್ರಲ್ ಮತ್ತು ಅರ್ತಿನ ನಡುವೆ ಎಷ್ಟು ವೋಲ್ಟ್ ಇದೆ ಎಂದು ಅಳೆಸಿ. ಒಂದೆರಡು ವೋಲ್ಟ್ ಇದ್ದರೆ ಸರಿ. ಹತ್ತಾರು ಇದ್ದರೆ ಗುಂಡಿಯೋ ವಯರಿಂಗೋ ದುರಸ್ತಿಯಾಗಬೇಕು. ಕೆಲವರು ಸುಲಭದ ದಾರಿಯೆಂದು ಸಾಕೆಟ್ಟಿನ ಅರ್ತ್ ಕಾಲನ್ನು ಅಲ್ಲೇ ನ್ಯೂಟ್ರಲಿಗೆ ಕಟ್ಟಿಬಿಡುತ್ತಾರೆ. ಕಂಬದಿಂದ ಬರುವ ನ್ಯೂಟ್ರಲ್ ತಂತಿ ಗಾಳಿಗೆ ತುಂಡಾದರೆ ಆ ಮನೆಯ ಕಂಪ್ಯೂಟರು, ಫ್ರಿಜ್ಜು, ಗ್ರೈಂಡರುಗಳ ಲೋಹದ ಮೈಯೆಲ್ಲ ಪೂರ್ತಿ ಫೇಸಾಗುತ್ತದೆ. ಜೀವ ತೆಗೆಯುವ ಕೆಲಸ ಅದು. ನಿಮ್ಮಲ್ಲಿ ಹಾಗೆ ಮಾಡಿದ್ದರೆ ಈ ಲೇಖನ ಪಕ್ಕಕ್ಕಿಟ್ಟು ಮೊದಲು ಅದನ್ನು ತೆಗೆಸಿ.

ಸಿಡಿಲಿನ ಎರಡು ಕಾಲ

ದಕ್ಷಿಣ ಕನ್ನಡದಲ್ಲಿ ಸಿಡಿಲಿನ ಕಾಲ ಎರಡು. ಪತ್ತನಾಜೆಗೆ ಮೊದಲು ಏಪ್ರಿಲ್–ಮೇ ತಿಂಗಳ ಸಂಜೆಗಳು, ಮತ್ತೆ ಅಕ್ಟೋಬರ್–ನವೆಂಬರಿನ ತುಲಾ ತಿಂಗಳ ಇಳಿಹೊತ್ತು. ನಡುವಿನ ಆಟಿಯ ಮಳೆ ಎಷ್ಟೇ ಸುರಿದರೂ ಗುಡುಗು ಕಡಿಮೆ.

ಸ್ವಿಚ್ ಆರಿಸಿದ್ದೇವೆ ಎಂದು ನಿಶ್ಚಿಂತೆಯಿಂದ ಇರುವವರಿಗೆ ಒಂದು ಲೆಕ್ಕ. ಸ್ವಿಚ್ಚಿನ ಒಳಗಿನ ಅಂತರ ಕೆಲವು ಮಿಲಿಮೀಟರ್. ಸಿಡಿಲು ಹಾರಿ ಬಂದದ್ದು ಕಿಲೋಮೀಟರುಗಳಿಂದ. ಪ್ಲಗ್ಗನ್ನೇ ಕೀಳಬೇಕು. ಅದೂ ಮೋಡ ಕಟ್ಟಿದಾಗ. ತಲೆಯ ಮೇಲೆ ಗುಡುಗುವಾಗ ಅಲ್ಲ.

ಪ್ಲಗ್ಗು ಕಿತ್ತರೂ ಮರೆಯುವ ಒಂದು ವಯರಿದೆ, ಇಂಟರ್‌ನೆಟ್ಟಿನ ಲ್ಯಾನ್ ಕೇಬಲ್. ಹಿಂದೆ ಟೆಲಿಫೋನಿನ ತಾಮ್ರದ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಬರುತ್ತಿದ್ದಾಗ ಸಿಡಿಲಿಗೆ ಅದು ರಾಜಮಾರ್ಗವಾಗಿತ್ತು. ಈಗ ಹಲವು ಮನೆಗಳಿಗೆ ಗಾಜಿನ ಎಳೆಯ ಫೈಬರ್ ಬಂದಿದೆ. ಗಾಜಿನಲ್ಲಿ ವಿದ್ಯುತ್ತು ಹರಿಯದು, ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಫೈಬರಿನ ಜೊತೆಗೆ ಆಧಾರಕ್ಕೆಂದು ಉಕ್ಕಿನ ತಂತಿ ಇರುವುದು ಸಾಮಾನ್ಯ. ರೌಟರಿನ ಅಡಾಪ್ಟರ್ ಹೇಗೂ ಕರೆಂಟಿನ ಸಾಕೆಟ್ಟಿನಲ್ಲೇ ಇದೆ. ಅಲ್ಲಿಂದ ಲ್ಯಾನ್ ಕೇಬಲ್ಲಿನ ತಾಮ್ರದ ಮೂಲಕ ಪೆಟ್ಟು ನೇರ ಮದರ್‌ಬೋರ್ಡಿಗೆ. ಸಿಡಿಲಿನ ಮರುದಿನ ಎಲ್ಲ ಸರಿಯಿದ್ದು ಇಂಟರ್‌ನೆಟ್ ಮಾತ್ರ ಇಲ್ಲವೆಂದಾದರೆ ಬೋರ್ಡಿನ ಲ್ಯಾನ್ ಭಾಗವಷ್ಟೇ ಸತ್ತಿರುವ ಸಾಧ್ಯತೆ ಹೆಚ್ಚು. ಅದಕ್ಕಾಗಿ ಬೋರ್ಡು ಬದಲಿಸಬೇಕಾಗಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಮುಚ್ಚಳ ತೆಗೆದಾಗ

ಪ್ಲಗ್ಗು ಕಿತ್ತು, ಆಮೇಲೆ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಿ, ಎಡಬದಿಯ ಮುಚ್ಚಳ ಸರಿಸಿ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನೊಮ್ಮೆ ಮುಟ್ಟಿ, ಮೈಯ ಸ್ಥಿರ ವಿದ್ಯುತ್ತು ಇಳಿಯಲಿ. ಮಳೆಗಾಲದ ಒದ್ದೆ ಗಾಳಿಯಲ್ಲಿ ಇದರ ಭಯ ಕಡಿಮೆ. ಡಿಸೆಂಬರ್–ಜನವರಿಯ ಒಣಹವೆಯಲ್ಲಿ ಮರೆಯಬೇಡಿ.

ಗಡಿಯ ವಿಷಯ ಇಲ್ಲಿಗೆ ಬಂತು. ಮೂಲೆಯಲ್ಲಿ ಫ್ಯಾನು ಇರುವ, ಬಣ್ಣಬಣ್ಣದ ವಯರುಗಳು ಹೊರಡುವ ತಗಡಿನ ಡಬ್ಬಿಯೇ ಎಸ್‌ಎಂಪಿಎಸ್. ಅದರ ತಿರುಪು ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪ್ಯಾಸಿಟರುಗಳಲ್ಲಿ ಸುಮಾರು 320 ವೋಲ್ಟ್ ನಿಂತಿರುತ್ತದೆ, ಪ್ಲಗ್ಗು ಕಿತ್ತ ಮೇಲೂ ಕೆಲವು ಹೊತ್ತು. ಹಳೆಯ ದಪ್ಪ ಮಾನಿಟರ್ ಇನ್ನೂ ಇದ್ದರೆ ಅದಂತೂ ಬೇಡವೇ ಬೇಡ. ಅದರ ಚಿತ್ರನಳಿಕೆಯ ವಿದ್ಯುತ್ತು ಸಾವಿರಗಳ ಲೆಕ್ಕದ್ದು. ಮದರ್‌ಬೋರ್ಡಿನ ಮೇಲೆ 12 ವೋಲ್ಟಿಗಿಂತ ಹೆಚ್ಚಿಲ್ಲ, ಅಲ್ಲಿ ಹೆದರಬೇಕಾದದ್ದು ನೀವಲ್ಲ, ಬೋರ್ಡು.

ಒಳಗೆ ಏನೇನಿರುತ್ತದೆ! ಒಲೆಯ ಹೊಗೆ, ಅಡಿಕೆ ಸುಲಿದ ದೂಳು, ಮಳೆಗಾಲದ ತೇವ, ಮೂರೂ ಸೇರಿ ಪ್ರೊಸೆಸರಿನ ಅಲ್ಯುಮಿನಿಯಂ ಪಟ್ಟಿಗಳ ನಡುವೆ ಕಂಬಳಿಯಂತೆ ಕೂತಿರುತ್ತವೆ. ಹಲ್ಲಿಯ ಮೊಟ್ಟೆ, ಇರುವೆಯ ಗೂಡು, ಜಿರಳೆ ಇವೆಲ್ಲ ಮಾಮೂಲು. ಕುಂಬಾರ ಹುಳ ಯುಎಸ್‌ಬಿ ಕಿಂಡಿಯೊಳಗೆ ಮಣ್ಣಿನ ಮನೆ ಕಟ್ಟಿದ್ದೂ ಉಂಟು. ಪೆನ್‌ಡ್ರೈವ್ ಒಳಹೋಗದಿದ್ದರೆ ಒತ್ತಬೇಡಿ, ಟಾರ್ಚು ಹಾಕಿ ನೋಡಿ. ಕುಂಚದಿಂದ ದೂಳು ಬಿಡಿಸಿ ಊದುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಅದು ಗಾಳಿಗೆ ಬಿರುಸಾಗಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಹತ್ತು ಹದಿನೈದು ನಿಮಿಷ ಚೆನ್ನಾಗಿ ನಡೆದು ಥಟ್ಟನೆ ಆರುವ ಕಂಪ್ಯೂಟರಿಗೆ ಹಲವು ಸಲ ಇಷ್ಟೇ ಚಿಕಿತ್ಸೆ. ಅಷ್ಟರಲ್ಲಿ ಸರಿಯಾಗದಿದ್ದರೆ ಪ್ರೊಸೆಸರಿನ ಮೇಲಿನ ಬಿಳಿ ಪೇಸ್ಟು ಒಣಗಿ ಸುಣ್ಣವಾಗಿರುತ್ತದೆ. ಹಳೆಯದನ್ನು ಒರೆಸಿ ಅವರೆಕಾಳಿನಷ್ಟು ಹೊಸತು ಹಾಕಬೇಕು. ಮೊದಲ ಸಲ ತಿಳಿದವರ ಎದುರು ಮಾಡುವುದು ಒಳ್ಳೆಯದು.

ಇನ್ನು ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್. ಕರಾವಳಿಯ ಕಂಪ್ಯೂಟರುಗಳ ವಾರ್ಷಿಕ ಜ್ವರ ಇದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಜೂನ್–ಜುಲೈ ಕಳೆಯುವಾಗ ಕಪಾಟಿನ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ. ಪಟ್ಟಿಯ ಸಂಪರ್ಕಗಳಿಗೆ ಕಿಲುಬು ಕೂರುವುದರಲ್ಲಿ ಆಶ್ಚರ್ಯವೇನು? ಫ್ಯಾನು ತಿರುಗುತ್ತದೆ, ತೆರೆ ಕಪ್ಪು, ಕೆಲವದರಲ್ಲಿ ‘ಬೀಪ್ ಬೀಪ್’ ಸದ್ದು. ಎರಡು ಬದಿಯ ಕೊಕ್ಕೆ ಬಿಡಿಸಿ ಪಟ್ಟಿಯನ್ನು ನೇರ ಮೇಲಕ್ಕೆ ತೆಗೆಯಿರಿ. ಚಿನ್ನದ ಬಣ್ಣದ ಕಾಲುಗಳನ್ನು ಪೆನ್ಸಿಲಿನ ಮೆದುವಾದ ಬಿಳಿ ರಬ್ಬರಿನಿಂದ ಒಂದೇ ದಿಕ್ಕಿಗೆ ಹಗುರವಾಗಿ ಉಜ್ಜಿ, ಪುಡಿಯನ್ನು ಕುಂಚದಿಂದ ಕೊಡವಿ, ಕಚ್ಚು ಕಚ್ಚಿಗೆ ಹೊಂದುವಂತೆ ಕೂರಿಸಿ ಎರಡೂ ಕಡೆ ‘ಟಕ್’ ಎನ್ನುವ ತನಕ ಒತ್ತಿ. ಕಾಲುಗಳನ್ನು ಬೆರಳಿನಿಂದ ಮುಟ್ಟಬೇಡಿ, ಬೆವರಿನ ಉಪ್ಪು ಮತ್ತೆ ಕಿಲುಬು ತರುತ್ತದೆ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಬೇರೆ ಬೇರೆ ಗೂಡಿನಲ್ಲಿ ಹಾಕಿ ನೋಡಿದರೆ ಕೆಟ್ಟದ್ದು ಪಟ್ಟಿಯೋ ಗೂಡೋ ಎಂದು ಗೊತ್ತಾಗುತ್ತದೆ.

ಬೀಪ್ ಸದ್ದನ್ನು ಶಾಪವೆಂದು ತಿಳಿಯುವವರು ಹೆಚ್ಚು. ನಿಜಕ್ಕೆ ಅದು ರೋಗಿ ಬಾಯಿಬಿಟ್ಟು ಹೇಳುವ ಮಾತು. ಒಂದು ಉದ್ದ ಎರಡು ಗಿಡ್ಡ ಬೀಪು ಬಂದರೆ ಅವಾರ್ಡ್ ಬಯಾಸ್ ಇರುವ ಬೋರ್ಡುಗಳಲ್ಲಿ ಡಿಸ್‌ಪ್ಲೇ ಕಾರ್ಡಿನ ತೊಂದರೆ. ತಯಾರಕರು ಬೇರೆಯಾದರೆ ಭಾಷೆಯೂ ಬೇರೆ, ಬೋರ್ಡಿನ ಪುಸ್ತಿಕೆ ನೋಡಬೇಕು. ನನಗೆ ಬಹಳ ಇಷ್ಟವಾದ ಪರೀಕ್ಷೆ ಇನ್ನೊಂದಿದೆ. ಮೆಮೊರಿ ಪಟ್ಟಿಗಳನ್ನೆಲ್ಲ ತೆಗೆದು ಬರಿಗೂಡಿನಲ್ಲೇ ಕಂಪ್ಯೂಟರ್ ಹೊತ್ತಿಸಿ. ಅದು ಬೀಪ್ ಎಂದು ಗೋಗರೆದರೆ ಸಂತೋಷಪಡಿ. ಮೆಮೊರಿ ಇಲ್ಲವೆಂದು ದೂರುವಷ್ಟು ಪ್ರೊಸೆಸರೂ ಬೋರ್ಡೂ ಜೀವಂತವಾಗಿವೆ ಎಂದರ್ಥ. ಆಗ “ಬೋರ್ಡು ಹೋಗಿದೆ” ಎಂದವರನ್ನು ಮರುಪ್ರಶ್ನೆ ಕೇಳುವ ಹಕ್ಕು ನಿಮಗಿದೆ. (ಈಚಿನ ಕೆಲವು ಪೆಟ್ಟಿಗೆಗಳಲ್ಲಿ ಬೀಪ್ ಸ್ಪೀಕರೇ ಇರುವುದಿಲ್ಲ. ಆಗ ಮೌನಕ್ಕೆ ಅರ್ಥ ಹಚ್ಚಬೇಡಿ, ಬೆರಳ ತುದಿಯಷ್ಟಿರುವ ಸ್ಪೀಕರನ್ನು ತಂದು ಸಿಕ್ಕಿಸಿ.)

ನಾಣ್ಯದಗಲದ ಬ್ಯಾಟರಿ

ಕಂಪ್ಯೂಟರ್ ಶುರುವಾಗುತ್ತದೆ, ಇಂಟರ್‌ನೆಟ್ ಕೂಡ ಇದೆ. ಆದರೆ ವಿದ್ಯಾರ್ಥಿವೇತನದ ತಾಣ ತೆರೆದರೆ ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಎಂಬ ಕೆಂಪು ಎಚ್ಚರಿಕೆ. ಬ್ಯಾಂಕಿನದೂ ಹಾಗೆಯೇ, ಪರೀಕ್ಷಾ ಪ್ರಾಧಿಕಾರದ್ದೂ ಹಾಗೆಯೇ. ಸರಕಾರದ ಸರ್ವರ್ ಹಾಳಾಗಿದೆ ಎಂದು ಬೈದು ಮಲಗುವ ಮೊದಲು ತೆರೆಯ ಬಲಮೂಲೆಯ ತಾರೀಕು ನೋಡಿ. 2009ರ ಜನವರಿ 1 ಎಂದೋ ಮತ್ತೇನೋ ಇರುತ್ತದೆ.

ಕಂಪ್ಯೂಟರ್ ಆರಿದ್ದಾಗಲೂ ಗಡಿಯಾರ ನಡೆಸಲು ಬೋರ್ಡಿನ ಮೇಲೊಂದು ಬ್ಯಾಟರಿ ಇದೆ. ಹೆಸರು ಸಿಆರ್ 2032. ಹೆಸರಿನಲ್ಲೇ ಜಾತಕ ಇದೆ: ಅಡ್ಡಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ಕೊಡುವುದು 3 ವೋಲ್ಟ್. ಕಂಪ್ಯೂಟರನ್ನು ಬಟ್ಟೆ ಹೊದಿಸಿ ವರ್ಷಗಟ್ಟಲೆ ಇಟ್ಟಾಗ ಇದು ಬೇಗ ಬರಿದಾಗುತ್ತದೆ. ತಾರೀಕು ಹಿಂದಕ್ಕೆ ಓಡಿದಾಗ ಸುರಕ್ಷಿತ ತಾಣಗಳ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲವೆಂದು ಬ್ರೌಸರ್ ತಿಳಿಯುತ್ತದೆ, ಬಾಗಿಲು ಹಾಕುತ್ತದೆ. ಕೊನೆಯ ದಿನದ ತುರ್ತಿಗೆ ತಾರೀಕು ಸರಿಪಡಿಸಿದರೆ ಅರ್ಜಿ ಹೋಗುತ್ತದೆ. ಬ್ಯಾಟರಿಯನ್ನು ಮರುದಿನ ವಾಚಿನ ಅಂಗಡಿಯಿಂದಲಾದರೂ ತರಬಹುದು, ಕೆಲವು ಹತ್ತು ರೂಪಾಯಿಯ ಬಾಬ್ತು.

ಹೊಸ ಬ್ಯಾಟರಿ ಹಾಕಿದ ಮೇಲೆ ಕೆಲವರಿಗೆ ಇನ್ನೊಂದು ಗಾಬರಿ: ವಿಂಡೋಸ್ ನೀಲಿ ತೆರೆ ತೋರಿಸಿ ಮತ್ತೆ ಮತ್ತೆ ಶುರುವಾಗುತ್ತದೆ. ಬ್ಯಾಟರಿ ತೆಗೆದಾಗ ಬಯಾಸಿನ ಹೊಂದಾಣಿಕೆಗಳು ಅಳಿಸಿ ಡಿಸ್ಕಿನ ವಿಧಾನ ಎಎಚ್‌ಸಿಐ ಇದ್ದದ್ದು ಐಡಿಇಗೆ ಮರಳಿರಬಹುದು. ಬಯಾಸಿಗೆ ಹೋಗಿ ಮೊದಲಿನಂತೆ ಮಾಡಿದರೆ ಸರಿಹೋಗುತ್ತದೆ. ಇದು ಗೊತ್ತಿಲ್ಲದೆ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿಸಿ ಫೋಟೋಗಳನ್ನೆಲ್ಲ ಕಳೆದುಕೊಂಡವರಿದ್ದಾರೆ. ಬ್ಯಾಟರಿ ತೆಗೆಯುವ ಮೊದಲು ಬಯಾಸಿನ ಪುಟಗಳ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

ಉಬ್ಬಿದ ಡಬ್ಬಿಗಳು

ಮದರ್‌ಬೋರ್ಡಿನ ಮೇಲೆ, ಪ್ರೊಸೆಸರಿನ ಸುತ್ತ, ಪುಟ್ಟ ನೀರಿನ ಟ್ಯಾಂಕುಗಳಂಥ ಡಬ್ಬಿಗಳಿವೆ. ಇವೇ ಕೆಪ್ಯಾಸಿಟರುಗಳು, ನಮ್ಮ ಹಳೆಯ ರೇಡಿಯೋ ಮೇಸ್ತ್ರಿಗಳ ಮಾತಿನಲ್ಲಿ ಕಂಡೆನ್ಸರುಗಳು. ತಲೆಯ ಮೇಲೆ ‘ಕೂಡಿಸು’ ಗುರುತಿನಂಥ ಗೀರು ಇರುತ್ತದೆ, ಒಳಗೆ ಒತ್ತಡ ಹೆಚ್ಚಿದರೆ ಅಲ್ಲೇ ಬಿರಿಯಲಿ ಎಂದು. ತಲೆ ಚಪ್ಪಟೆಯಾಗಿದ್ದರೆ ಆರೋಗ್ಯ. ಇಡ್ಲಿಯಂತೆ ಉಬ್ಬಿದ್ದರೆ, ಕಂದು ರಸ ಒಸರಿದ್ದರೆ ಕಾಯಿಲೆ.

ಇದಕ್ಕೊಂದು ಜಾಗತಿಕ ಚರಿತ್ರೆಯೇ ಇದೆ. 1999ರಿಂದ 2007ರ ತನಕ ತಯಾರಾದ ಲಕ್ಷಾಂತರ ಬೋರ್ಡುಗಳಲ್ಲಿ ಕೆಟ್ಟ ದ್ರವ ತುಂಬಿದ ಕೆಪ್ಯಾಸಿಟರುಗಳು ಸೇರಿಕೊಂಡವು. ಒಳಗಿನ ಅಲ್ಯುಮಿನಿಯಂ ಜೊತೆ ದ್ರವ ವರ್ತಿಸಿ ಹೈಡ್ರೋಜನ್ ಅನಿಲ ಹುಟ್ಟುತ್ತಿತ್ತು, ಡಬ್ಬಿ ಉಬ್ಬುತ್ತಿತ್ತು. ‘ಕೆಪ್ಯಾಸಿಟರ್ ಪ್ಲೇಗ್’ ಎಂದೇ ಇದಕ್ಕೆ ಹೆಸರು ಬಿತ್ತು. ಇದರ ದುರಸ್ತಿಗೆಂದು ಡೆಲ್ ಕಂಪನಿ 2005ರಲ್ಲಿ 30 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಆಗ ಬಂದ ಕಂಪ್ಯೂಟರುಗಳು ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಹತ್ತು ಸಲ ಒತ್ತಿದರೆ ಒಂದು ಸಲ ಏಳುತ್ತಿದ್ದುದಕ್ಕೆ ಕಾರಣ ಹುಡುಕಲು ಜಾತಕ ನೋಡಬೇಕಾಗಿರಲಿಲ್ಲ.

ಕೆಟ್ಟ ದ್ರವದ್ದಲ್ಲದಿದ್ದರೂ ಈ ಡಬ್ಬಿಗಳು ಬಿಸಿಗೆ ಒಣಗುತ್ತವೆ. ಸುತ್ತಲ ಶಾಖ 10 ಡಿಗ್ರಿ ಇಳಿದರೆ ಆಯಸ್ಸು ಸುಮಾರು ಇಮ್ಮಡಿ ಎಂಬುದು ಈ ವಿದ್ಯೆಯ ಹಳೆಯ ಲೆಕ್ಕ. ದೂಳು ತೆಗೆಯುವುದು ಬರೀ ಚೆಂದಕ್ಕಲ್ಲ ಎಂದು ಇದರಿಂದ ತಿಳಿಯುತ್ತದೆ. ಬದಲಿಸಲು ಬೆಸುಗೆ ಬಲ್ಲವರೇ ಬೇಕು. ನನ್ನ ಅಭಿಪ್ರಾಯ ಕೇಳಿದರೆ, ಕಂಪ್ಯೂಟರ್ ಅಂಗಡಿಗಿಂತ ಹಳೆಯ ಟಿವಿ ರಿಪೇರಿಯವರ ಕೈಯೇ ಇದಕ್ಕೆ ಪಳಗಿದ್ದು. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚು ಇರಲಿ, 105 ಡಿಗ್ರಿಯದ್ದೇ ಹಾಕಿ, ಬಿಳಿ ಪಟ್ಟಿಯ ಋಣದ ಕಾಲು ತಿರುಗದಿರಲಿ ಎಂದು ಹೇಳಿ. ಅವರು ನಿಮ್ಮನ್ನು ಗೌರವದಿಂದ ನೋಡುತ್ತಾರೆ. ಈಚಿನ ಬೋರ್ಡುಗಳಲ್ಲಿರುವುದು ಗಟ್ಟಿ ಪಾಲಿಮರಿನ ಡಬ್ಬಿಗಳು, ಹೀಗೆ ಉಬ್ಬುವುದಿಲ್ಲ. ಅಂಥವುಗಳಲ್ಲಿ ಅನುಮಾನ ಎಸ್‌ಎಂಪಿಎಸ್ಸಿನ ಕಡೆಗೆ ತಿರುಗಬೇಕು. ಅದರ ಹಳದಿ ವಯರಿನಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು. ಕಂಪ್ಯೂಟರ್ ನಡೆಯುತ್ತಿರುವಾಗ ಮೀಟರ್ ಹಿಡಿದು ಅಳೆಯಲು ಭೌತಶಾಸ್ತ್ರದ ಅಧ್ಯಾಪಕರನ್ನು ಕೇಳಿಕೊಳ್ಳಿ. ಫ್ಯಾನು ತಿರುಗಿತು ಎಂಬ ಮಾತ್ರಕ್ಕೆ ಎಸ್‌ಎಂಪಿಎಸ್ ಸರಿಯಿದೆ ಎಂದಾಗುವುದಿಲ್ಲ.

ಬೇರೆಲ್ಲ ಬದಲಿಸಬಹುದು, ಇದೊಂದನ್ನು ಬಿಟ್ಟು

ಹಾರ್ಡ್‌ಡಿಸ್ಕಿನ ಒಳಗಿನ ತಟ್ಟೆ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಓದುವ ತಲೆ ಅದನ್ನು ಮುಟ್ಟದೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ತಲೆಗೂದಲಿನ ದಪ್ಪ ಅದಕ್ಕಿಂತ ಸಾವಿರಾರು ಪಟ್ಟು. ಆ ಡಬ್ಬಿಯಿಂದ ‘ಟಿಕ್… ಟಿಕ್… ಟಿಕ್’ ಎಂದು ಹೊಸ ಸದ್ದು ಬಂದರೆ ಅದೇ ಕ್ಷಣ ಕಂಪ್ಯೂಟರ್ ಆರಿಸಿ. ಮತ್ತೆ ಹೊತ್ತಿಸಿ ನೋಡುವ ಕುತೂಹಲ ಬೇಡ, ತಟ್ಟಿ ನೋಡುವುದೂ ಬೇಡ. ಫ್ರಿಜ್ಜಿನಲ್ಲಿಟ್ಟರೆ ಸರಿಯಾಗುತ್ತದೆ ಎಂಬ ಹಳೆಯ ಮನೆಮದ್ದನ್ನು ನಮ್ಮ ಹವೆಯಲ್ಲಂತೂ ನಂಬಲೇಬೇಡಿ. ಹೊರತೆಗೆದ ಕೂಡಲೇ ಒಳಗೆ ನೀರು ಬೆವರುತ್ತದೆ. ಒಳಗಿರುವುದು ನಿಜಕ್ಕೂ ಬೇಕಾದ್ದಾದರೆ ಡೇಟಾ ತೆಗೆದುಕೊಡುವವರಿಗೇ ಒಪ್ಪಿಸಬೇಕು. ಅದು ದುಬಾರಿ, ಫಲವೂ ಖಾತ್ರಿಯಲ್ಲ.

ಸದ್ದಿಲ್ಲದೆ ನಿಧಾನವಾಗುತ್ತಾ ಹೋಗುವ ಡಿಸ್ಕು ಇನ್ನೂ ಸಮಯ ಕೊಡುತ್ತದೆ. ಪ್ರತಿಯೊಂದು ಡಿಸ್ಕೂ ತನ್ನ ಆರೋಗ್ಯದ ದಿನಚರಿಯನ್ನು ‘ಸ್ಮಾರ್ಟ್’ ಎಂಬ ಪಟ್ಟಿಯಲ್ಲಿ ತಾನೇ ಬರೆದುಕೊಳ್ಳುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋದಂಥ ಉಚಿತ ತಂತ್ರಾಂಶದಿಂದ ಅದನ್ನು ಓದಬಹುದು. ಬದಲಿ ಕೊಟ್ಟ ಸೆಕ್ಟರುಗಳ ಮತ್ತು ಬಾಕಿಯಿರುವ ಸೆಕ್ಟರುಗಳ ಸಂಖ್ಯೆ ಸೊನ್ನೆಯಿಂದ ಮೇಲೇರುತ್ತಿದ್ದರೆ ಅಂದೇ ಫೋಟೋ, ಅಂಕಪಟ್ಟಿಗಳನ್ನು ಬೇರೆಡೆಗೆ ನಕಲು ಮಾಡಿ. ಸಿಆರ್‌ಸಿ ದೋಷದ ಸಂಖ್ಯೆ ಮಾತ್ರ ಏರುತ್ತಿದ್ದರೆ ಡಿಸ್ಕಿನ ತಪ್ಪಿಲ್ಲದಿರಬಹುದು, ಕೆಂಪು ಸಾಟಾ ಕೇಬಲ್ಲನ್ನು ಬದಲಿಸಿ ನೋಡಿ. ವಿಂಡೋಸ್ ಏಳದೆಯೇ ಹೋದರೂ ಪೆನ್‌ಡ್ರೈವಿನಿಂದ ಲಿನಕ್ಸ್ ಹೊತ್ತಿಸಿ ಕಡತಗಳನ್ನು ಹೊರತೆಗೆಯುವುದು ಸಾಧ್ಯ. ಸಾಟಾ ಇರುವ ಯಾವ ಹಳೆಯ ಕಂಪ್ಯೂಟರಿಗೂ ತಿರುಗುವ ಡಿಸ್ಕಿನ ಬದಲು ಪುಟ್ಟ ಎಸ್‌ಎಸ್‌ಡಿ ಹಾಕಿದರೆ ಸಿಗುವ ವೇಗ ಬೇರಾವ ರಿಪೇರಿಯಿಂದಲೂ ಸಿಗದು.

ಅಪ್ಪಂದಿರ ಪ್ರಶ್ನೆ

ಹಾಗಾದರೆ ಎಲ್ಲಿಯ ತನಕ ರಿಪೇರಿ ಮಾಡಿಸುವುದು? ಬ್ಯಾಟರಿ, ಕೇಬಲ್ಲು, ಫ್ಯಾನು, ಮೆಮೊರಿ, ಎಸ್‌ಎಂಪಿಎಸ್ ತನಕ ಮಾಡಿಸಬಹುದು. ಮದರ್‌ಬೋರ್ಡು ನಿಜಕ್ಕೂ ಸತ್ತಿದ್ದರೆ ನಿಲ್ಲಿಸಿ. ಹಳೆಯ ಬೋರ್ಡು ಹುಡುಕಿ ಹಾಕಿದರೆ ಅದರ ಹಿಂದಿನ ಕಥೆ ಯಾರಿಗೂ ಗೊತ್ತಿರುವುದಿಲ್ಲ; ಹೊಸ ಬೋರ್ಡಿಗೆ ಹಳೆಯ ಮೆಮೊರಿಯ ಕಚ್ಚು ಹೊಂದುವುದಿಲ್ಲ, ಡಿಡಿಆರ್ 3ರ ಪಟ್ಟಿ ಡಿಡಿಆರ್ 4ರ ಗೂಡಿಗೆ ಕೂರದು.

ಇನ್ನೊಂದು ಲೆಕ್ಕವನ್ನೂ ಹಾಕಬೇಕು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ಕ್ಕೆ ನಿಂತಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಭಾಗವೂ, ಇಂಟೆಲ್ ಆದರೆ ಎಂಟನೆಯ ಪೀಳಿಗೆಯ ಪ್ರೊಸೆಸರೂ ಬೇಕು. ಹಳೆಯವುಗಳಲ್ಲಿ ಇವಿಲ್ಲ. ಆದರೆ ಓದು, ಬರಹ, ಅರ್ಜಿ, ಪಾಠದ ವೀಡಿಯೊ, ಪೈಥಾನ್ ಅಭ್ಯಾಸ ಇಷ್ಟಕ್ಕೇ ಆದರೆ ಲಿನಕ್ಸ್ ಮಿಂಟ್ ಧಾರಾಳ ಸಾಕು, ದುಡ್ಡೂ ಕೊಡಬೇಕಾಗಿಲ್ಲ. ಅದರಲ್ಲಿ ಕನ್ನಡವೂ ಬರುತ್ತದೆ. ನಮ್ಮ ಜಿಲ್ಲೆಯದೇ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆಯೂ ಲಭ್ಯ. ಕಾಲೇಜಿನವರು ಇಂಥದ್ದೇ ತಂತ್ರಾಂಶ ಬೇಕೆಂದು ಹೇಳಿದ್ದರೆ ಮಾತ್ರ ಮೊದಲೇ ಕೇಳಿಕೊಳ್ಳುವುದು ವಾಸಿ.

ಬಟ್ಟೆ ಹೊದಿಸಿ ಇಟ್ಟ ಕಂಪ್ಯೂಟರ್ ಮಳೆಗಾಲದಲ್ಲಿ ಬಳಸಿದ ಕಂಪ್ಯೂಟರಿಗಿಂತ ಬೇಗ ಕೆಡುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಕೆಲಸ ಇರಲಿ ಇಲ್ಲದಿರಲಿ, ದಿನಕ್ಕೆ ಅರ್ಧ ಗಂಟೆ ಹೊತ್ತಿಸಿಡಿ, ಒಳಗಿನ ಶಾಖಕ್ಕೆ ತೇವ ಆರುತ್ತದೆ. ಹೊರಗೋಡೆಗೆ ಒತ್ತಿ ಇಡಬೇಡಿ, ನೆಲದ ಮೇಲೂ ಬೇಡ.

ಕೊನೆಗೂ ಅಂಗಡಿಗೆ ಒಯ್ಯಲೇಬೇಕಾಗಿ ಬಂದರೆ, ಡಿಸ್ಕಿನ ಕಾಯಿಲೆ ಅಲ್ಲದ ಪಕ್ಷದಲ್ಲಿ ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಇಟ್ಟು ಹೋಗಿ. ಎರಡು ಕೇಬಲ್, ನಾಲ್ಕು ತಿರುಪು ಅಷ್ಟೆ. ಮೆಮೊರಿ ಪಟ್ಟಿಯ ಮೇಲಿನ ಅಂಕೆಗಳ ಫೋಟೋ ತೆಗೆದುಕೊಳ್ಳಿ. ಏನೆಲ್ಲ ಪರೀಕ್ಷೆ ಮಾಡಿದಿರಿ, ಏನು ಕಂಡಿತು ಎಂದು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮೇಲೆ ಅಂಟಿಸಿ. ಬದಲಿಸಿದ ಹಳೆಯ ಭಾಗಗಳನ್ನು ವಾಪಸು ಕೊಡಿ ಎಂದು ಮೊದಲೇ ಹೇಳಿಬಿಡಿ.